ಮೊದಲು ಮಣ್ಣಿನ ಹದ, ಆಮೇಲೆ ಗ್ಲೇಜ್
ಓದುಗರ ಪ್ರಶ್ನೆಗಳಿಗೆ ಉತ್ತರ: ಕುಂಬಾರಿಕೆ

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ಲೇಜಿನ (ಪಾತ್ರೆಯ ಮೈಗೆ ಹಚ್ಚಿ ಸುಡುವ ಗಾಜಿನಂಥ ಲೇಪ) ಮೇಲಿನ ದೂರುಗಳು. ಓದುತ್ತಾ ಹೋದರೆ ಗ್ಲೇಜಿನ ತಪ್ಪು ಕಡಿಮೆ. ಮಣ್ಣು ಎಷ್ಟು ಶಾಖಕ್ಕೆ ಮಾಗುತ್ತದೆ ಎಂದು ತಿಳಿಯುವ ಮೊದಲೇ ಗ್ಲೇಜ್ ಡಬ್ಬ ಮನೆಗೆ ಬಂದಿರುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮೂರ ಕೆರೆಯ ಜೇಡಿಮಣ್ಣಿನಲ್ಲಿ ಲೋಟ, ಬಟ್ಟಲು ಮಾಡುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ ನೀಲಿ ಗ್ಲೇಜಿನ ಡಬ್ಬದ ಮೇಲೆ 1220–1240 ಡಿಗ್ರಿ ಎಂದಿದೆ. ಮೊದಲು 1050ಕ್ಕೆ ಸುಟ್ಟೆ, ಗ್ಲೇಜ್ ಪುಡಿಪುಡಿಯಾಗಿಯೇ ಉಳಿಯಿತು, ಉಜ್ಜಿದರೆ ಕೈಗೆ ಹತ್ತುತ್ತಿತ್ತು. ಮೈಸೂರಿನ ಪರಿಚಯದವರ ಕರೆಂಟ್ ಕಿಲನ್‌ನಲ್ಲಿ (ಪಾತ್ರೆ ಸುಡುವ ಗೂಡು) 1220ಕ್ಕೆ ಸುಡಿಸಿದೆ, ಲೋಟಗಳೇ ಕುಸಿದು ಶೆಲ್ಫಿಗೆ ಅಂಟಿದವು. ಎಷ್ಟು ಡಿಗ್ರಿಗೆ ಸುಟ್ಟರೆ ಎರಡೂ ಸರಿಹೋಗುತ್ತದೆ? — ಪಾಂಡವಪುರ

ಉತ್ತರ: ಈ ಮಣ್ಣಿಗೂ ಈ ಗ್ಲೇಜಿಗೂ ಹೊಂದುವ ಡಿಗ್ರಿ ಇಲ್ಲ. ಹುಡುಕುವುದನ್ನು ಇಲ್ಲಿಗೇ ನಿಲ್ಲಿಸಿ.

ಕೆರೆಯ ಕೆಂಪು ಜೇಡಿಯಲ್ಲಿ ಕಬ್ಬಿಣದ ಆಕ್ಸೈಡ್ ಜೊತೆಗೆ ಸುಣ್ಣ, ಪೊಟ್ಯಾಷ್, ಸೋಡಾ ಸೇರಿಕೊಂಡಿರುತ್ತವೆ. ಇವೆಲ್ಲ ಮಣ್ಣನ್ನು ಬೇಗ ಕರಗಿಸುವ ಪದಾರ್ಥಗಳು. ಕಣಗಳೂ ಬಲು ಸಣ್ಣ. ಹಾಗಾಗಿ ಇಂಥ ಮಣ್ಣು ಸಾಮಾನ್ಯವಾಗಿ 950ರಿಂದ 1080ರೊಳಗೆ ತನ್ನ ಹದಕ್ಕೆ ಬರುತ್ತದೆ. 1150 ದಾಟಿದರೆ ಉಬ್ಬುತ್ತದೆ ಅಥವಾ ಬಾಗುತ್ತದೆ, 1220ಕ್ಕೆ ನೀವು ಕಂಡಂತೆ ಕರಗಿ ಕೂರುತ್ತದೆ. ಹೆಚ್ಚು ಸುಟ್ಟಷ್ಟೂ ಗಟ್ಟಿ ಎಂಬ ಮಾತು ಒಂದು ಮಟ್ಟದವರೆಗೆ ಮಾತ್ರ ನಿಜ.

ಗ್ಲೇಜಿನ ಕಥೆ ಇದಕ್ಕೆ ತಿರುಗುಮುರುಗು. ನೀವು ತರಿಸಿದ್ದು ಸ್ಟೋನ್‌ವೇರ್ ಗ್ಲೇಜ್, ಅಂದರೆ ಹೆಚ್ಚು ಶಾಖಕ್ಕೆ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಮಣ್ಣಿಗೆ ಮಾಡಿದ್ದು. ಅಂಥದ್ದರಲ್ಲಿ ಕರಗಿಸುವ ಕೆಲಸದ ಬಹುಪಾಲು ಫೆಲ್ಡ್‌ಸ್ಪಾರ್ ಎಂಬ ಖನಿಜದ್ದು, ಅದು ಸರಿಯಾಗಿ ಕರಗಲು ಶುರುವಾಗುವುದೇ 1150ರ ಆಚೆ. 1050ಕ್ಕೆ ಅದು ಪುಡಿಯಾಗಿ ಉಳಿದದ್ದು ಸಹಜ.

ಈಗ ಮೊದಲ ಕೆಲಸ, ನಿಮ್ಮ ಮಣ್ಣಿನ ಹದ ಕಂಡುಹಿಡಿಯುವುದು. ತಿಗರಿಗೆ ಹಾಕುವ ಹದದಲ್ಲಿರುವ ಮಣ್ಣನ್ನು 1 ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, 14 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ. ಪ್ರತಿ ಪಟ್ಟಿಯ ಮೇಲೂ ಚಾಕುವಿನಿಂದ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಯಿರಿ. ಪಟ್ಟಿಗಳು ಹದಿನೈದಾದರೂ ಇರಲಿ. ನೆರಳಲ್ಲಿ ಒಣಗಿಸಿ, ಮಧ್ಯೆ ಮಧ್ಯೆ ಮಗುಚಿ ಹಾಕಿ, ಇಲ್ಲದಿದ್ದರೆ ಒಣಗುವಾಗಲೇ ಬಾಗುತ್ತವೆ. ಆಮೇಲೆ 950, 1000, 1050, 1100, 1150 ಹೀಗೆ ಐದು ಸಲ ಸುಡಿ, ಪ್ರತಿ ಸಲಕ್ಕೂ ಮೂರು ಪಟ್ಟಿ. ಮೂರರಲ್ಲಿ ಒಂದನ್ನು ಎರಡು ತುಂಡುಗಳ ಮೇಲೆ ಸೇತುವೆಯಾಗಿ ಇಡಿ, ತುಂಡುಗಳ ನಡುವೆ 10 ಸೆಂ.ಮೀ. ಅಂತರವಿರಲಿ. ಮಣ್ಣು ಮೆತ್ತಗಾಗುವುದನ್ನು ಮೊದಲು ಹೇಳುವುದು ಈ ಪಟ್ಟಿಯೇ, ನಡುವೆ ಜೋಲುಬೀಳುತ್ತದೆ. 1100ರ ಮೇಲಿನ ಸುಡುವಿಕೆಗಳಲ್ಲಿ ಪಟ್ಟಿಗಳ ಕೆಳಗೆ ಹಳೆಯದೊಂದು ತಟ್ಟೆ ಇಡಿ. ಕರಗಿದರೆ ತಟ್ಟೆ ಹೋಗಲಿ, ಶೆಲ್ಫ್ ಉಳಿಯಲಿ.

ಸುಟ್ಟ ಪಟ್ಟಿಯ ಗೆರೆ ಅಳೆಯಿರಿ. 100 ಮಿ.ಮೀ. ಇದ್ದದ್ದು 91 ಆದರೆ ಕುಗ್ಗಿದ್ದು ಶೇ. 9. ಆಮೇಲೆ ಪಟ್ಟಿಯನ್ನು ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ಮರುದಿನದವರೆಗೆ ಬಿಡಿ. ಹೊರತೆಗೆದು ಒದ್ದೆ ಬಟ್ಟೆಯಲ್ಲಿ ಮೇಲ್ಮೈ ಒರೆಸಿ ಮತ್ತೆ ತೂಗಿ. ಒಣಗಿದ್ದಾಗ 120 ಗ್ರಾಂ, ನೆನೆದಾಗ 135 ಗ್ರಾಂ ಬಂದರೆ ಕುಡಿದ ನೀರು 15 ಗ್ರಾಂ, ಅಂದರೆ ಶೇ. 12.5. ಒಂದು ಗ್ರಾಂವರೆಗೆ ಸರಿಯಾಗಿ ತೋರಿಸುವ ಅಡುಗೆಮನೆ ತಕ್ಕಡಿ ಇದಕ್ಕೆ ಸಾಕು.

ಶಾಖ ಏರಿದಂತೆ ಕುಗ್ಗುವಿಕೆ ಹೆಚ್ಚುತ್ತದೆ, ನೀರು ಹೀರುವುದು ಇಳಿಯುತ್ತದೆ. ಒಂದು ಹಂತದಲ್ಲಿ ಕುಗ್ಗುತ್ತಿದ್ದ ಪಟ್ಟಿ ಇದ್ದಕ್ಕಿದ್ದಂತೆ ಹಿಗ್ಗಿ, ಮೈಮೇಲೆ ಗುಳ್ಳೆ ಬರುತ್ತದೆ. ಒಳಗಿನ ಅನಿಲ ಹೊರಬರುವ ಮುನ್ನ ಮಣ್ಣಿನ ರಂಧ್ರಗಳು ಮುಚ್ಚಿಹೋದದ್ದರ ಗುರುತು ಅದು. ಅದಕ್ಕಿಂತ 40–50 ಡಿಗ್ರಿ ಕೆಳಗೆ, ಸೇತುವೆ ಪಟ್ಟಿ ಇನ್ನೂ ನೆಟ್ಟಗೆ ನಿಂತಿರುವ ಶಾಖವೇ ನಿಮ್ಮ ಮಣ್ಣಿನ ಮೇಲಿನ ಮಿತಿ. ಬಣ್ಣವೂ ಸುಳಿವು ಕೊಡುತ್ತದೆ. ಇಟ್ಟಿಗೆ ಕೆಂಪು ಇರುವವರೆಗೆ ಭಯವಿಲ್ಲ, ಚಾಕೊಲೇಟ್ ಕಂದು ಕಂಡರೆ ಗಡಿ ಹತ್ತಿರ ಬಂತು.

ಮಿತಿ 1050ರ ಆಸುಪಾಸು ಬಂತು ಅಂತಿಟ್ಟುಕೊಳ್ಳಿ. ಆಗ ಬೇಕಾದ್ದು ಬೋರಾನ್ ಫ್ರಿಟ್ ಆಧಾರದ ಗ್ಲೇಜ್. ಫ್ರಿಟ್ ಎಂದರೆ ಒಮ್ಮೆ ಕರಗಿಸಿ ಪುಡಿಮಾಡಿದ ಗಾಜು. ಸೀಸವಿಲ್ಲದ ಬೋರಾನ್ ಫ್ರಿಟ್ 85 ಭಾಗ, ಚೀನಾ ಮಣ್ಣು 15 ಭಾಗ ಸೇರಿಸಿದರೆ 1040–1060ಕ್ಕೆ ಪಾರದರ್ಶಕ ಗ್ಲೇಜ್ ಬರುತ್ತದೆ. ಫ್ರಿಟ್‌ನಿಂದ ಫ್ರಿಟ್‌ಗೆ ವ್ಯತ್ಯಾಸವಿರುವುದರಿಂದ 100 ಗ್ರಾಂ ಮಾತ್ರ ಕಲಸಿ, ಪರೀಕ್ಷೆಯ ಬಿಲ್ಲೆಗಳ ಮೇಲೆ ನೋಡಿ. ಕೆಂಪು ಮಣ್ಣಿನ ಮೇಲೆ ನೀಲಿ ಮಂಕಾಗಿ ಕಾಣುತ್ತದೆ. ಹೊಳೆಯುವ ನೀಲಿಯೇ ಬೇಕಾದರೆ ಹಸಿ ಪಾತ್ರೆಗೆ ಮೊದಲು ಬಿಳಿ ಮಣ್ಣಿನ ತೆಳು ಲೇಪ ಕೊಡಿ.

ಕೈಲಿರುವ ಡಬ್ಬವನ್ನು ಎಸೆಯಬೇಡಿ. 1220–1240ರಲ್ಲಿ ಮಾಗುವ ಸ್ಟೋನ್‌ವೇರ್ ಮಣ್ಣು ತಂದರೆ ಅದಕ್ಕೆ ಆಗುತ್ತದೆ. ಇನ್ನೊಂದು ಉಪಾಯವೂ ಉಂಟು, ಗೊತ್ತಿರುವವರು ಇದನ್ನು ಬಿಡುವುದಿಲ್ಲ: 1220ಕ್ಕೆ ಕರಗುವ ನಿಮ್ಮ ಕೆರೆ ಮಣ್ಣನ್ನೇ ಸ್ಟೋನ್‌ವೇರ್ ಪಾತ್ರೆಯ ಮೇಲೆ ಗ್ಲೇಜ್ ಆಗಿ ಹಚ್ಚುವುದು. 80 ಮೆಶ್ (ಇಂಚಿಗೆ 80 ಕಣ್ಣಿನ) ಜರಡಿಯಲ್ಲಿ ಸೋಸಿ, ಅರ್ಧ ಪಾಲನ್ನು 750 ಡಿಗ್ರಿಗೆ ಸುಟ್ಟು ಪುಡಿಮಾಡಿ, ಉಳಿದರ್ಧ ಹಸಿಯಾಗಿಯೇ ಬೆರೆಸಿ. ಪೂರ್ತಿ ಹಸಿ ಮಣ್ಣಾದರೆ ಒಣಗುವಾಗ ಬಿರಿದು ಉದುರುತ್ತದೆ. ಕಬ್ಬಿಣ ಹೆಚ್ಚಿರುವ ಮಣ್ಣು ಜೇನು ಬಣ್ಣದಿಂದ ಕಡು ಕಂದಿನವರೆಗೆ ಬಣ್ಣ ಕೊಡುತ್ತದೆ. ಪೂರ್ತಿ ಕರಗದಿದ್ದರೆ ಬೋರಾನ್ ಫ್ರಿಟ್ ಶೇ. 10ರಿಂದ ಶುರುಮಾಡಿ.

ಪ್ರಶ್ನೆ: ಕಂಟ್ರೋಲರ್‌ನಲ್ಲಿ 1222 ಎಂದು ಹಾಕಿದ್ದೆ, ಕೋನ್ 6 (ತನ್ನ ಹದ ಮುಟ್ಟಿದಾಗ ಬಾಗುವ ಪುಟ್ಟ ಗೋಪುರ, ಸಂಖ್ಯೆ ಅದರ ಶಾಖದ ಮಟ್ಟ) ಬಾಗಲೇ ಇಲ್ಲ. ಹಿಂದಿನ ಸಲ ಅದೇ 1222ಕ್ಕೆ ಕೋನ್ ಮಲಗಿಬಿಟ್ಟಿತ್ತು, ಗ್ಲೇಜ್ ಶೆಲ್ಫಿಗೆ ಹರಿದಿತ್ತು. ಯಾವುದನ್ನು ನಂಬಲಿ? — ಕುವೆಂಪುನಗರ, ಮೈಸೂರು

ಉತ್ತರ: ಕೋನನ್ನು ನಂಬಿ.

ಕಂಟ್ರೋಲರ್ ಹೇಳುವುದು ಕಿಲನ್ ಒಳಗಿನ ಶಾಖ ಅಳೆಯುವ ಥರ್ಮೋಕಪಲ್‌ನ ತುದಿಯಲ್ಲಿ ಆ ಕ್ಷಣಕ್ಕೆ ಎಷ್ಟು ಬಿಸಿ ಇದೆ ಎಂದು. ಮಣ್ಣು, ಗ್ಲೇಜ್ ಮಾಗುವುದಕ್ಕೆ ಬಿಸಿ ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಸೇರುತ್ತದೆ. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರು ಒಲೆಯ ಉರಿ ನೋಡಿ ಕೊಪ್ಪರಿಗೆ ಇಳಿಸುವುದಿಲ್ಲ, ಪಾಕವನ್ನೇ ನೀರಿಗೆ ಬಿಟ್ಟು ನೋಡುತ್ತಾರೆ. ಕೋನ್ ಮಾಡುವ ಕೆಲಸವೂ ಅದೇ. ಗ್ಲೇಜ್, ಮಣ್ಣಿಗೆ ಹಾಕುವ ಖನಿಜಗಳಿಂದಲೇ ಮಾಡಿದ್ದಾದ್ದರಿಂದ ಅದು ಪಾತ್ರೆಯ ಜೊತೆಯಲ್ಲೇ ಮಾಗುತ್ತದೆ. ಬರ್ಲಿನ್‌ನಲ್ಲಿ ಹರ್ಮನ್ ಸೆಗರ್ 1886ರಲ್ಲಿ ಇದನ್ನು ಬಳಕೆಗೆ ತಂದರು. ನಮ್ಮಲ್ಲಿ ಹೆಚ್ಚಾಗಿ ಸಿಗುವ ಆರ್ಟನ್ ಕೋನ್‌ಗಳು ಅಮೆರಿಕದವು, 1896ರಿಂದ ಇವೆ. ಎರಡರ ಸಂಖ್ಯೆಗಳು ಒಂದೇ ಅಲ್ಲ, ಪಟ್ಟಿ ನೋಡುವಾಗ ಯಾವುದರದ್ದು ಎಂದು ಗಮನಿಸಿ.

ಆರ್ಟನ್‌ನ ದೊಡ್ಡ ಕೋನ್ 6, ಕೊನೆಯ 100 ಡಿಗ್ರಿಯನ್ನು ಗಂಟೆಗೆ 60 ಡಿಗ್ರಿಯಂತೆ ಏರಿಸಿದರೆ 1222ಕ್ಕೆ ಬಾಗುತ್ತದೆ. ಗಂಟೆಗೆ 150ರಂತೆ ಓಡಿಸಿದರೆ ಅದೇ ಕೋನ್ ಬಾಗಲು 1243 ಬೇಕು. ಪುಸ್ತಕದಲ್ಲಿ, ಡಬ್ಬದ ಮೇಲೆ 1222 ಎಂದು ಮಾತ್ರ ಇರುತ್ತದೆ, ವೇಗ ಬರೆದಿರುವುದಿಲ್ಲ. ನಿಮ್ಮ ಎರಡು ಸುಡುವಿಕೆಗಳಲ್ಲಿ ಕಿಲನ್ ತುಂಬಿದ ಪ್ರಮಾಣ, ಹೊತ್ತು ಒಂದೇ ಇದ್ದವೇ ನೋಡಿ. ಸಂಜೆ ಪಂಪ್‌ಸೆಟ್ಟು, ಮಿಕ್ಸಿ, ಗೀಸರ್ ಎಲ್ಲ ಓಡುವ ಹೊತ್ತಿಗೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಕಾಯಿಲ್ ಕೊಡುವ ಶಾಖ ಶೇ. 13 ಅಲ್ಲ, ಸುಮಾರು ಶೇ. 24ರಷ್ಟು ಇಳಿಯುತ್ತದೆ, ಏಕೆಂದರೆ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಆಗ ಕಿಲನ್ ಕೊನೆಯ 100 ಡಿಗ್ರಿಯನ್ನು ತೆವಳಿಕೊಂಡು ಹತ್ತುತ್ತದೆ. ತೆವಳಿದಷ್ಟೂ ಪಾತ್ರೆ ಹೆಚ್ಚು ಬೇಯುತ್ತದೆ. ಕಂಟ್ರೋಲರ್ ಮಾತ್ರ ಅದೇ 1222 ತೋರಿಸುತ್ತದೆ. ಕೋನ್ ಮಲಗಿದ ಸಲ ನಡೆದದ್ದು ಬಹುಶಃ ಇದೇ. ರಾತ್ರಿ ಹನ್ನೊಂದರ ಮೇಲೆ ಕೊನೆಯ ಏರಿಕೆ ಬರುವ ಹಾಗೆ ಸಮಯ ಹೊಂದಿಸಿಕೊಂಡರೆ ಈ ಏರುಪೇರು ಕಡಿಮೆ.

ಕಿಲನ್‌ನ ಮೇಲೆ, ನಡುವೆ, ಕೆಳಗೆ ಮೂರು ಕಡೆ 5, 6, 7 ಮೂರೂ ಕೋನ್‌ಗಳನ್ನು ಸಾಲಾಗಿ ಇಡಿ, ಕಾಯಿಲ್‌ನಿಂದ ಐದಾರು ಸೆಂ.ಮೀ. ದೂರ. 5 ಪೂರ್ತಿ ಮಲಗಿ, 6ರ ತುದಿ ತಳವನ್ನು ಮುಟ್ಟುವಷ್ಟು ಬಾಗಿ, 7 ಸ್ವಲ್ಪವೇ ವಾಲಿದ್ದರೆ ಹದ ಸರಿ. ಮೇಲಕ್ಕೂ ಕೆಳಕ್ಕೂ ಒಂದು ಕೋನ್ ವ್ಯತ್ಯಾಸ ಕಂಡರೆ ಆಶ್ಚರ್ಯವಿಲ್ಲ. ಹರಿಯುವ ಗ್ಲೇಜ್ ತಣ್ಣಗಿರುವ ಕಡೆಗೆ, ಗಟ್ಟಿ ಗ್ಲೇಜ್ ಬಿಸಿ ಕಡೆಗೆ ಜೋಡಿಸಿ. ಕೊನೆಯ ಶಾಖದಲ್ಲಿ ಕಿಲನನ್ನು ಒಂದೆರಡು ಗಂಟೆ ಹಿಡಿದರೆ ಒಂದು ಕೋನ್ ಹೆಚ್ಚಿದಂತೆ. ಕೋನ್ 6ರ ಮಣ್ಣಿಗೆ ‘ಚೆನ್ನಾಗಿ ಬೇಯಲಿ’ ಎಂದು ಎರಡು ಗಂಟೆ ಹಿಡಿಯುವವರು ಅದನ್ನು ಕೋನ್ 7ಕ್ಕೆ ಸುಡುತ್ತಿದ್ದಾರೆ.

ಕೆ ಟೈಪ್ ಥರ್ಮೋಕಪಲ್ 1200ರ ಆಚೆ ಪದೇ ಪದೇ ಹೋದರೆ ಸವೆದು ತಪ್ಪು ತೋರಿಸತೊಡಗುತ್ತದೆ. ಕೋನ್ ಹೇಳುವುದಕ್ಕೂ ಮೀಟರ್ ಹೇಳುವುದಕ್ಕೂ ಅಂತರ ಸುಡುವಿಕೆಯಿಂದ ಸುಡುವಿಕೆಗೆ ಬೆಳೆಯುತ್ತಿದ್ದರೆ ಅದನ್ನು ಬದಲಿಸಿ.

ಪ್ರಶ್ನೆ: ಸ್ಟೋನ್‌ವೇರ್ ಮಣ್ಣು, ಸ್ಟೋನ್‌ವೇರ್ ಗ್ಲೇಜ್, ಎರಡರ ಮೇಲೂ ಕೋನ್ 6 ಎಂದೇ ಇದೆ. ತೆಗೆದಾಗ ಗಾಜಿನಂತಿದ್ದ ತಟ್ಟೆಗಳಲ್ಲಿ ಒಂದು ವಾರದ ಮೇಲೆ ಕೂದಲೆಳೆಯ ಬಿರುಕಿನ ಬಲೆ. ಕೆಲವು ಟಿಣ್ ಎಂದು ಸದ್ದೂ ಮಾಡುತ್ತವೆ. — ವಿಜಯನಗರ, ಮೈಸೂರು

ಉತ್ತರ: ಕೋನ್ ಒಂದೇ ಇದ್ದ ಮಾತ್ರಕ್ಕೆ ಜೋಡಿ ಕೂಡಿತು ಎಂದಲ್ಲ. ಕೋನ್ ಹೇಳುವುದು ಇಬ್ಬರೂ ಒಂದೇ ಶಾಖಕ್ಕೆ ಮಾಗುತ್ತಾರೆ ಎಂದು. ತಣ್ಣಗಾಗುವಾಗ ಒಂದೇ ಅಳತೆಗೆ ಕುಗ್ಗುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಅದು ಮೈಗೆ ಬಿಗಿಯಾಗಿ, ಎಳೆತ ತಾಳದೆ ಬಲೆಯಾಗಿ ಬಿರಿಯುತ್ತದೆ. ಮಣ್ಣೇ ಹೆಚ್ಚು ಕುಗ್ಗಿದರೆ ಗ್ಲೇಜ್ ಅಂಚಿನಲ್ಲಿ, ಹಿಡಿಕೆಯ ಮೇಲೆ ಚಕ್ಕೆಯಾಗಿ ಎದ್ದುಬರುತ್ತದೆ. ಎರಡನೆಯದು ಹೆಚ್ಚು ಅಪಾಯ, ಚೂಪಾದ ಗಾಜಿನ ಚೂರು ಊಟದೊಳಗೆ ಬೀಳಬಹುದು.

ವಾರದ ನಂತರ ಬಂದ ಬಿರುಕು ಎಂದಿರಲ್ಲ, ಅದೇ ಮುಖ್ಯ ಸುಳಿವು. ಮಣ್ಣು ಪೂರ್ತಿ ಮಾಗಿಲ್ಲದಿದ್ದರೆ ತೊಳೆಯುವ ನೀರು, ಗಾಳಿಯ ತೇವ ತಳದಿಂದ ಒಳಗೆ ಸೇರಿ ಮಣ್ಣು ನಿಧಾನವಾಗಿ ಹಿಗ್ಗುತ್ತದೆ. ಮೇಲಿನ ಗ್ಲೇಜ್ ಹಿಗ್ಗದು, ಬಿರಿಯುತ್ತದೆ. ಆದ್ದರಿಂದ ಗ್ಲೇಜಿಗೆ ಕೈ ಹಾಕುವ ಮೊದಲು ಮೇಲೆ ಹೇಳಿದ ನೀರಿನ ಪರೀಕ್ಷೆ ಮಾಡಿ, ಗ್ಲೇಜ್ ಹಚ್ಚದ ತುಂಡಿನ ಮೇಲೆ. ಸ್ಟೋನ್‌ವೇರ್ ಹೀರುವ ನೀರು ಶೇ. 3ರೊಳಗಿರಬೇಕು, ಊಟದ ತಟ್ಟೆಗೆ 2ರೊಳಗೆ ಇದ್ದರೆ ಒಳ್ಳೆಯದು. ಐದೋ ಆರೋ ಬಂದರೆ ನಿಮ್ಮ ಮಣ್ಣು ಕೋನ್ 6ರ ಮಣ್ಣೇ ಅಲ್ಲ, ಕೋನ್ 8–9ಕ್ಕೆ ಮಾಗುವುದನ್ನು ಚೀಲದ ಮೇಲೆ 6 ಎಂದು ಬರೆದು ಮಾರಿದ್ದಾರೆ. ಅಂಥ ಮಣ್ಣಿನ ಮೇಲೆ ಯಾವ ಗ್ಲೇಜ್ ಹಾಕಿದರೂ ತಳದಿಂದ ತೇವ ಸೋರುತ್ತದೆ, ಮೈಕ್ರೋವೇವ್‌ಗೆ ಇಟ್ಟರೆ ಹಿಡಿಯಲಾಗದಷ್ಟು ಕಾಯುತ್ತದೆ.

ಹೀರುವಿಕೆ ಸರಿಯಾಗಿದ್ದು ಬಿರುಕು ಮಾತ್ರ ಇದ್ದರೆ ಗ್ಲೇಜ್ ತಿದ್ದಬಹುದು. ಸೋಡಾ, ಪೊಟ್ಯಾಷ್ ಹೆಚ್ಚಿದ್ದಷ್ಟೂ ಗ್ಲೇಜ್ ಹೆಚ್ಚು ಕುಗ್ಗುತ್ತದೆ, ಸಿಲಿಕಾ ಅದನ್ನು ತಗ್ಗಿಸುತ್ತದೆ. ಒಣ ಗ್ಲೇಜ್ ಪುಡಿಯನ್ನು 100 ಗ್ರಾಂನಂತೆ ನಾಲ್ಕು ಬಟ್ಟಲಿಗೆ ಹಾಕಿ, ಸಣ್ಣ ಸಿಲಿಕಾ ಪುಡಿಯನ್ನು 0, 5, 10, 15 ಗ್ರಾಂ ಸೇರಿಸಿ, 80 ಮೆಶ್‌ನಲ್ಲಿ ಎರಡು ಸಲ ಸೋಸಿ ಬಿಲ್ಲೆಗಳಿಗೆ ಹಚ್ಚಿ. 15ಕ್ಕೆ ಹೊಳಪು ಮಂಕಾಗುವುದುಂಟು. ಬಿರುಕು ನಿಂತ ಮೊದಲ ಪ್ರಮಾಣವನ್ನೇ ಹಿಡಿಯಿರಿ. ಪರೀಕ್ಷೆಗೆ ವಾರ ಕಾಯಬೇಕಿಲ್ಲ: ಬಿಲ್ಲೆಯನ್ನು ಕುದಿಯುವ ನೀರಲ್ಲಿ ಮೂರು ನಿಮಿಷ, ಐಸ್ ನೀರಲ್ಲಿ ಮೂರು ನಿಮಿಷ, ಹೀಗೆ ಮೂರು ಸುತ್ತು. ಬಿರುಕು ಕಾಣಲು ಶಾಯಿ ಸವರಿ ಒರೆಸಿ.

ಗ್ಲೇಜ್ ದಪ್ಪವಾಗಿದ್ದರೂ ಬಿರುಕು ಹೆಚ್ಚು. ಅದ್ದುವ ಗ್ಲೇಜ್ 100 ಮಿ.ಲೀ. ಅಳೆದು ತೂಗಿ. 140ರಿಂದ 150 ಗ್ರಾಂ ಇದ್ದರೆ ಸರಿ, 160 ಇದ್ದರೆ ನೀರು ಬೇಕು.

ಪ್ರಶ್ನೆ: ನಮ್ಮದೇ ಆಲೆಮನೆ ಇದೆ. ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಉರಿಸಿದ ಬೂದಿ ರಾಶಿ ಬಿದ್ದಿರುತ್ತದೆ, ಪಕ್ಕದಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯೂ ಸಿಗುತ್ತದೆ. ಬೂದಿ ಗ್ಲೇಜ್ ಬಗ್ಗೆ ಓದಿದ್ದೇನೆ. 1050ಕ್ಕೆ ಆಗುತ್ತದೆಯೇ? — ಮದ್ದೂರು

ಉತ್ತರ: 1050ಕ್ಕೆ ಬರೀ ಬೂದಿಯಿಂದ ಆಗುವುದಿಲ್ಲ. ಇನ್ನೊಂದು ವಿಷಯ: ನೀವು ಓದಿದ್ದು ಬಹುಶಃ ಸೌದೆ ಬೂದಿಯ ಗ್ಲೇಜ್. ಸೌದೆ ಬೂದಿಯಲ್ಲಿ ಸುಣ್ಣ ಹೆಚ್ಚು, ಅದು ಕರಗಿಸುವ ಪದಾರ್ಥ. ಕಬ್ಬು, ಭತ್ತ ಹುಲ್ಲಿನ ಜಾತಿ. ಅವುಗಳ ಬೂದಿಯಲ್ಲಿ ಸಿಲಿಕಾವೇ ಮುಖ್ಯ. ಭತ್ತದ ಹೊಟ್ಟಿನ ಬೂದಿ ಚೆನ್ನಾಗಿ ಸುಟ್ಟು ಬಿಳಿಯಾಗಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಸಿಲಿಕಾ. ರಚ್ಚಿನ ಬೂದಿಯಲ್ಲಿ ಅದಕ್ಕಿಂತ ಕಡಿಮೆ, ಜೊತೆಗೆ ಪೊಟ್ಯಾಷ್, ಸುಣ್ಣ, ಸ್ವಲ್ಪ ಕಬ್ಬಿಣ, ಗದ್ದೆಯ ಮಣ್ಣು ಇರುತ್ತವೆ. ಸೌದೆ ಬೂದಿಯ ಅಳತೆಗೆ ಇದನ್ನು ಹಾಕಿದರೆ ಗ್ಲೇಜ್ ಒರಟಾಗಿ, ಕರಗದೆ ಉಳಿಯುತ್ತದೆ.

ಹೊಟ್ಟಿನ ಬೂದಿಯನ್ನು ಸಿಲಿಕಾ ಬದಲಿಗೆ ಬಳಸುವುದು ಜಾಣತನ. ಸ್ಟೋನ್‌ವೇರ್‌ಗೆ ಹಳೆಯದೊಂದು ಲೆಕ್ಕವಿದೆ: ಫೆಲ್ಡ್‌ಸ್ಪಾರ್ 40, ಸಿಲಿಕಾ 30, ಸುಣ್ಣಕಲ್ಲಿನ ಪುಡಿ 20, ಚೀನಾ ಮಣ್ಣು 10, ಕೋನ್ 9–10ಕ್ಕೆ. ಇದರಲ್ಲಿ ಸಿಲಿಕಾದ 30 ತೆಗೆದು ಬೂದಿ 30 ಹಾಕಿ ಶುರುಮಾಡಿ. ಕೋನ್ 6ಕ್ಕೆ ಬೇಕಾದರೆ ಇದರ 100 ಭಾಗಕ್ಕೆ ಬೋರಾನ್ ಫ್ರಿಟ್ 20–25 ಸೇರಿಸಿ ನೋಡಿ. ರಚ್ಚಿನ ಬೂದಿಯಾದರೆ ಮೊದಲು ಅದನ್ನಷ್ಟೇ ಪುಟ್ಟ ಬಟ್ಟಲಲ್ಲಿ ಹಾಕಿ 1220ಕ್ಕೆ ಸುಟ್ಟು ನೋಡಿ. ಎಷ್ಟು ಕರಗಿತು ಎನ್ನುವುದರ ಮೇಲೆ ಫೆಲ್ಡ್‌ಸ್ಪಾರ್ ಹೆಚ್ಚು ಕಡಿಮೆ ಮಾಡಿ.

ಕಪ್ಪು ಬೂದಿಯನ್ನು ಹಾಗೇ ಬಳಸಬೇಡಿ. ಹೆಂಚಿನ ಪಾತ್ರೆಯಲ್ಲಿ ತುಂಬಿ ಬಿಸ್ಕ್ (ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆ) ಜೊತೆ ಇನ್ನೊಮ್ಮೆ ಸುಟ್ಟರೆ ಇಂಗಾಲ ಹೋಗುತ್ತದೆ. ಟೈರು, ಪ್ಲಾಸ್ಟಿಕ್ ಹಾಕಿದ ಒಲೆಯ ಬೂದಿ ಊಟದ ಪಾತ್ರೆಗೆ ಬೇಡವೇ ಬೇಡ. ಬೂದಿ ಕಲಸಿದ ನೀರು ಕೈ ಸುಡುತ್ತದೆ, ರಬ್ಬರ್ ಗ್ಲೌಸ್ ಹಾಕಿ. ಒಣ ಬೂದಿ ಜರಡಿ ಹಿಡಿಯುವಾಗ ಎನ್95 ಮಾಸ್ಕ್ ಇರಲೇಬೇಕು. ಹೊಟ್ಟಿನ ಬೂದಿಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಂದೊಂದು ಸೀಸನ್ನಿನ ಬೂದಿ ಒಂದೊಂದು ಥರ, ಆದ್ದರಿಂದ ಒಂದು ಮೂಟೆ ತುಂಬಾ ಒಟ್ಟಿಗೆ ಬೆರೆಸಿಟ್ಟುಕೊಂಡು ಅದು ಮುಗಿಯುವವರೆಗೆ ಅದನ್ನೇ ಬಳಸಿ.

ಪ್ರಶ್ನೆ: ಸುಟ್ಟು ಎರಡು ಮೂರು ದಿನಕ್ಕೆ ಪಾತ್ರೆಯ ಮೈಯಿಂದ ಬಿಲ್ಲೆಯಾಕಾರದ ಚೂರು ಹಾರಿ, ಒಳಗೆ ಬಿಳಿ ಚುಕ್ಕೆ ಕಾಣುತ್ತದೆ. ಗ್ಲೇಜ್ ಸಮೇತ ಎದ್ದುಬರುತ್ತದೆ. — ಶ್ರೀರಂಗಪಟ್ಟಣ

ಉತ್ತರ: ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳಿದೆ. 850–900ರ ಹೊತ್ತಿಗೆ ಅದು ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಅರಳಿ ಮೇಲಿನ ಮಣ್ಣನ್ನು ಒದೆಯುತ್ತದೆ. ಗ್ಲೇಜ್ ಬದಲಿಸಿ ಪ್ರಯೋಜನವಿಲ್ಲ. ಒಣ ಮಣ್ಣಿನ ಮೇಲೆ ಬಾತ್‌ರೂಮ್ ತೊಳೆಯುವ ಆಸಿಡ್‌ನ ಎರಡು ಹನಿ ಬಿಟ್ಟು ನೋಡಿ, ಬುಸುಬುಸು ನೊರೆ ಬಂದರೆ ಸುಣ್ಣ ಇದ್ದೇ ಇದೆ.

ಮಣ್ಣನ್ನು ಒಣಗಿಸಿ, ನೀರಲ್ಲಿ ಕರಗಿಸಿ, 60 ಮೆಶ್ ಜರಡಿಯಲ್ಲಿ ಸೋಸಿ. ಗುದ್ದಲಿಯಲ್ಲಿ ಕುಟ್ಟಿ ಕಲ್ಲು ಆರಿಸಿದರೆ ಸಾಲದು, ಕುಟ್ಟಿದಾಗ ಹರಳು ಚೂರಾಗಿ ಇನ್ನೂ ಹೆಚ್ಚು ಕಡೆ ಹರಡುತ್ತದೆ. ಸೋಸಿದ ಮೇಲೂ ಸಣ್ಣಪುಟ್ಟದು ಉಳಿದರೆ ಒಣ ಮಣ್ಣಿನ ತೂಕಕ್ಕೆ ಶೇ. 0.5ರಿಂದ 1ರಷ್ಟು ಉಪ್ಪನ್ನು ಕಲಸುವ ನೀರಿಗೆ ಸೇರಿಸಿ. ಗ್ಲೇಜ್ ಹಾಕದ ಹೂಕುಂಡಗಳಾದರೆ ಆವಿಗೆಯಿಂದ ತೆಗೆದು ಬೆಚ್ಚಗಿರುವಾಗಲೇ ನೀರಿಗೆ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ಇಟ್ಟಿಗೆ ಸುಡುವವರ ಹಳೆಯ ಉಪಾಯ ಇದು.

ಪ್ರಶ್ನೆ: ಮಣ್ಣಿನ ಚೀಲದ ಮೇಲೆ ‘1100ರಿಂದ 1250’ ಎಂದಿದೆ. ಹಾಗಾದರೆ ಎಲ್ಲ ಗ್ಲೇಜಿಗೂ ಆಗುತ್ತದಲ್ಲವೇ? — ನಂಜನಗೂಡು

ಉತ್ತರ: ಅದು ಮಾರಾಟಕ್ಕೆ ಬರೆದ ಸಾಲು. 1100ಕ್ಕೂ 1250ಕ್ಕೂ ಸಮನಾಗಿ ಮಾಗುವ ಮಣ್ಣು ಇಲ್ಲ. 1100ರಲ್ಲಿ ಅದು ಸೋರುತ್ತದೆ, ಅಥವಾ 1250ರಲ್ಲಿ ಬಾಗುತ್ತದೆ. ಒಳ್ಳೆಯ ಮಣ್ಣಿನ ನಿಜವಾದ ಹರವು 30–40 ಡಿಗ್ರಿ ಇದ್ದರೆ ಹೆಚ್ಚು. ಅಂಗಡಿಯವರನ್ನು ಕೇಳಬೇಕಾದದ್ದು ಎರಡೇ: ಯಾವ ಕೋನ್‌ಗೆ ಎಷ್ಟು ನೀರು ಹೀರುತ್ತದೆ, ಎಷ್ಟು ಕುಗ್ಗುತ್ತದೆ. ಉತ್ತರ ಬರದಿದ್ದರೆ ಐದು ಕಿಲೋ ಮಾತ್ರ ತಂದು ಪಟ್ಟಿ ಸುಟ್ಟು ನೋಡಿ.

ಕೆರೆ ಮಣ್ಣಿಗೆ ಬೇರೆ ಮಣ್ಣು ಬೆರೆಸಿ ಮೇಲಿನ ಶಾಖಕ್ಕೆ ಒಗ್ಗಿಸಬಹುದೇ ಎಂದೂ ಕೇಳಿದ್ದೀರಿ. ಆಗುತ್ತದೆ. ಕೆರೆ ಮಣ್ಣು 50, ಫೈರ್ ಕ್ಲೇ (ಹೆಚ್ಚು ಶಾಖ ತಾಳುವ ಮಣ್ಣು) 35, ಬಾಲ್ ಕ್ಲೇ (ನಯವಾದ ಜಿಗುಟು ಮಣ್ಣು) 15ರಿಂದ ಶುರುಮಾಡಿ 1150, 1180, 1200ಕ್ಕೆ ಪರೀಕ್ಷಿಸಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ಮಣ್ಣು ಬೆರೆಸುವುದನ್ನು ಕೈಯಾರೆ ಕಲಿಯಬೇಕೆಂದರೆ ಅಲ್ಲಿ ವಿಚಾರಿಸಿ.

ಪ್ರಶ್ನೆ: ಕಡಿಮೆ ಶಾಖಕ್ಕೇ ಹೊಳಪು ಬರಲು ಸೀಸದ ಸಿಂದೂರ ಹಾಕಿ ಎಂದು ಒಬ್ಬರು ಹೇಳಿದರು. ಉಪ್ಪಿನಕಾಯಿ ಜಾಡಿ ಮಾಡಬೇಕಿದೆ. — ಹುಣಸೂರು

ಉತ್ತರ: ಬೇಡ. ಸೀಸ ಹಾಕಿದರೆ ಗ್ಲೇಜ್ ಸುಲಭವಾಗಿ, ಅಂದವಾಗಿ ಕರಗುತ್ತದೆ, ಅದಕ್ಕೇ ಹಿಂದೆ ಎಲ್ಲ ಕಡೆ ಬಳಸುತ್ತಿದ್ದರು. ಆದರೆ ಹುಳಿ ಅದನ್ನು ಕರಗಿಸಿ ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿ, ಮಜ್ಜಿಗೆ, ಹುಣಸೆ ಹುಳಿ ತಿಂಗಳುಗಟ್ಟಲೆ ಅದರೊಳಗೆ ಕೂತರೆ ಸೀಸ ನೇರ ಊಟಕ್ಕೆ ಬರುತ್ತದೆ. ಹಸಿರು ಬರಲಿ ಎಂದು ತಾಮ್ರವನ್ನೂ ಸೇರಿಸಿದರೆ ಸೀಸ ಬಿಡುವುದು ಇನ್ನೂ ಹೆಚ್ಚು. ಕಲಸುವವರಿಗೆ, ಸುಡುವವರಿಗೆ ಧೂಳು, ಹೊಗೆಯ ವಿಷ ಬೇರೆ. ಮನೆಯಲ್ಲಿ ಮಕ್ಕಳಿದ್ದರೆ ಆ ಡಬ್ಬವನ್ನು ಕಿಲನ್ ಕೋಣೆಗೂ ತರಬೇಡಿ.

ಅಜ್ಜಿಯರ ಕಾಲದ ಪಿಂಗಾಣಿ ಜಾಡಿಯಲ್ಲಿ ಉಪ್ಪಿನಕಾಯಿ ಕೆಡದೆ ನಿಲ್ಲುವುದು ಅದು ಹೆಚ್ಚು ಶಾಖದಲ್ಲಿ ಮಾಗಿದ ಸ್ಟೋನ್‌ವೇರ್ ಆದ್ದರಿಂದ. ಗ್ಲೇಜ್ ಎಲ್ಲಾದರೂ ಕಿತ್ತುಹೋದರೂ ಮಣ್ಣು ಎಣ್ಣೆ, ಉಪ್ಪು ಕುಡಿಯುವುದಿಲ್ಲ. ಕೆರೆ ಮಣ್ಣಿನ ಜಾಡಿಗೆ ಆ ಗುಣ ಯಾವ ಗ್ಲೇಜಿನಿಂದಲೂ ಬಾರದು. ಜಾಡಿಗೆ ಸ್ಟೋನ್‌ವೇರ್ ಮಣ್ಣನ್ನೇ ತನ್ನಿ. ಗ್ಲೇಜ್ ಹುಳಿಗೆ ಬಗ್ಗುತ್ತದೆಯೇ ಎಂದು ನೋಡಲು ನಿಂಬೆಹೋಳನ್ನು ರಾತ್ರಿಯಿಡೀ ಅದರ ಮೇಲೆ ಇಡಿ, ಬೆಳಿಗ್ಗೆ ಬಣ್ಣ ಮಾಸಿದ್ದರೆ ಅದು ಊಟಕ್ಕಲ್ಲ. ಮಾಸದಿದ್ದರೆ ಸೀಸವಿಲ್ಲ ಎಂದು ತಿಳಿಯಬೇಡಿ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಪ್ರಶ್ನೆ: ಗ್ಲೇಜಿನ ತುಂಬ ಸೂಜಿ ಚುಚ್ಚಿದಂತೆ ತೂತು. ಬಿಸ್ಕ್ 800ಕ್ಕೆ ಸುಡುತ್ತೇನೆ, ಕರೆಂಟ್ ಉಳಿಯಲಿ ಎಂದು. — ಕೆ.ಆರ್. ಪೇಟೆ

ಉತ್ತರ: ಉಳಿಸಿದ ಕರೆಂಟೇ ತೂತಾಗಿದೆ. ಕೆರೆ ಮಣ್ಣಿನಲ್ಲಿ ಬೇರು, ಎಲೆ, ಕೊಳೆತ ಪಾಚಿ ಸೇರಿರುತ್ತದೆ. ಅದರ ಇಂಗಾಲ ಸುಟ್ಟುಹೋಗುವುದು ಮುಖ್ಯವಾಗಿ 700–900ರ ನಡುವೆ. ಬಿಸ್ಕ್‌ನಲ್ಲಿ ಹೋಗದೆ ಉಳಿದದ್ದು ಗ್ಲೇಜ್ ಕರಗಿದ ಮೇಲೆ ಗುಳ್ಳೆಯಾಗಿ ಹೊರಬರುತ್ತದೆ. 600ರವರೆಗೆ ಗಂಟೆಗೆ 100 ಡಿಗ್ರಿ, 700ರಿಂದ 900ರವರೆಗೆ ಗಂಟೆಗೆ 60 ಡಿಗ್ರಿ, ಗಾಳಿಕಂಡಿ ತೆರೆದೇ ಇರಲಿ, ಪಾತ್ರೆಗಳನ್ನು ಒಂದರೊಳಗೊಂದು ಒತ್ತಿ ತುಂಬಬೇಡಿ. 1000ಕ್ಕೆ ಮುಗಿಸಿ. ಕೆಂಪು ಮಣ್ಣಿಗೆ ಬಿಸ್ಕನ್ನು 1040ಕ್ಕೆ ಸುಟ್ಟು, ಗ್ಲೇಜನ್ನು ಅದಕ್ಕಿಂತ 20 ಡಿಗ್ರಿ ಕೆಳಗೆ ಮುಗಿಸುವ ಕ್ರಮವೂ ಇದೆ. ತೂತೂ ಬಿರುಕೂ ಎರಡೂ ಕಡಿಮೆಯಾಗುತ್ತವೆ, ಆದರೆ ಪಾತ್ರೆ ನೀರು ಹೀರುವುದು ತಗ್ಗುವುದರಿಂದ ಗ್ಲೇಜ್ ಸ್ವಲ್ಪ ಗಟ್ಟಿಯಾಗಿ ಕಲಸಬೇಕು.

ಪ್ರಶ್ನೆ: ಸಾರು ಮಾಡುವ ಮಣ್ಣಿನ ಮಡಕೆಗೆ ಒಳಗೆ ಗ್ಲೇಜ್ ಹಾಕಿದರೆ ತೊಳೆಯಲು ಸುಲಭ ಅಲ್ಲವೇ? — ಮಳವಳ್ಳಿ

ಉತ್ತರ: ತೊಳೆಯಲು ಸುಲಭ, ಒಲೆಯ ಮೇಲೆ ಬಾಳುವುದು ಕಷ್ಟ. ಅಡುಗೆ ಮಡಕೆ ಉರಿ ತಾಳುವುದು ಅದು ಕಡಿಮೆ ಶಾಖಕ್ಕೆ ಸುಟ್ಟು, ರಂಧ್ರ ತುಂಬಿ, ಮರಳು ಬೆರೆತು ಸಡಿಲವಾಗಿರುವುದರಿಂದ. ಒಂದು ಕಡೆ ಕಾದು ಹಿಗ್ಗಿದರೂ ಸಣ್ಣ ಬಿರುಕು ರಂಧ್ರದಲ್ಲೇ ನಿಂತುಬಿಡುತ್ತದೆ. ಗ್ಲೇಜಿಗಾಗಿ 1050ಕ್ಕೆ ಸುಟ್ಟರೆ ಆ ಸಡಿಲ ಹೋಗುತ್ತದೆ, ಗ್ಲೇಜಿನ ಪದರವೂ ಎಳೆಯುತ್ತದೆ, ನಾಲ್ಕು ಸಲ ಗ್ಯಾಸ್ ಮೇಲಿಟ್ಟರೆ ತಳ ಬಿಡುತ್ತದೆ. ಹಸಿ ಇರುವಾಗಲೇ ಒಳಮೈಯನ್ನು ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡಿ, ಬಳಸುವ ಮೊದಲು ಗಂಜಿ ಕುದಿಸಿ ರಂಧ್ರ ಮುಚ್ಚಿಸಿ. ಅಷ್ಟು ಸಾಕು.

ಪ್ರಶ್ನೆ: ಶೆಲ್ಫಿಗೆ ಅಂಟಿದ ಗ್ಲೇಜ್ ತೆಗೆಯುವುದು ಹೇಗೆ? — ಮಂಡ್ಯ

ಉತ್ತರ: ಕನ್ನಡಕ, ಗ್ಲೌಸ್ ಹಾಕಿಕೊಂಡು ಉಳಿಯನ್ನು ಅಡ್ಡಡ್ಡ ಹಿಡಿದು ಚಕ್ಕೆ ಎಬ್ಬಿಸಿ, ನೇರ ಹೊಡೆದರೆ ಶೆಲ್ಫೇ ಸೀಳುತ್ತದೆ. ಆಮೇಲೆ ಅಲ್ಯುಮಿನಾ ಹೈಡ್ರೇಟ್, ಚೀನಾ ಮಣ್ಣು ಸಮಪಾಲು ತೆಳ್ಳಗೆ ಕಲಸಿ ಎರಡು ಸಲ ಬಳಿಯಿರಿ, ಮೇಲ್ಮುಖಕ್ಕೆ ಮಾತ್ರ. ಅಂಚಿಗೆ ಬಳಿದರೆ ಉದುರಿ ಕೆಳಗಿನ ಪಾತ್ರೆಯ ಗ್ಲೇಜಿನಲ್ಲಿ ಕೂರುತ್ತದೆ. ಪಾತ್ರೆಯ ತಳದಿಂದ 5 ಮಿ.ಮೀ.ವರೆಗೆ ಗ್ಲೇಜನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿಬಿಡಿ. ಹೊಸ ಗ್ಲೇಜಾದರೆ 10 ಮಿ.ಮೀ.